ಆ ಚಿತ್ರದಲ್ಲಿ ನನ್ನ ನಡುಕವೂ ಇರಲಿಲ್ಲ

ನನ್ನ ಮುಖ ನೋಡಿ ನಾನು ದುಃಖದಲ್ಲಿದ್ದೇನೆ ಎಂದು ಯಾರೂ ಅಂದುಕೊಳ್ಳಲಿಲ್ಲ. ಸಿಟ್ಟಿನಲ್ಲಿದ್ದೇನೆ ಎಂದುಕೊಂಡರು. ಬಹಳ ದಿನ ನಮ್ಮ ಮನೆಯಲ್ಲಿ ಎಲ್ಲರೂ ನನ್ನ ಸಿಟ್ಟಿಗೆ ಕಾರಣ ಹುಡುಕಿದರು. ಯಜಮಾನರು ತಮ್ಮಿಂದ ಏನು ತಪ್ಪಾಯಿತೆಂದು ಯೋಚಿಸಿ, ಏನೂ ಹೊಳೆಯದೆ, ಕೊನೆಗೆ ತಾವೇ ಸಿಟ್ಟಾದರು. ಮಗಳು ಉಷಾ ನನ್ನೆದುರು ಹೆಜ್ಜೆ ಸಪ್ಪಳವಾಗದಂತೆ ಓಡಾಡುವುದನ್ನು ಕಲಿತಳು. ಒಳಗೆ ಏನಾಗುತ್ತಿದೆಯೆಂದು ಹೇಳಲು ನನಗೆ ಮಾತು ಸಿಗುತ್ತಿರಲಿಲ್ಲ. ಅದು ಯಾರ ಹತ್ತಿರವಾದರೂ ಹೇಳಿಕೊಳ್ಳಬಹುದಾದ ಸಂಗತಿ ಎಂಬುದೂ ಗೊತ್ತಿರಲಿಲ್ಲ. ಇದೇ ಕಾಯಿಲೆಯವರೋ ಅವರ ಮನೆಯವರೋ ಓದಿದರೆ ನನಗಿಂತ ಒಂದೆರಡು ತಿಂಗಳು ಮುಂಚೆಯಾದರೂ ಅವರಿಗೆ ತಿಳಿಯಲಿ ಎಂದು ಬರೆಯುತ್ತಿದ್ದೇನೆ. ಬರೆಯುತ್ತಿದ್ದೇನೆ ಎಂದರೆ, ನಾನು ಹೇಳುತ್ತಿದ್ದೇನೆ, ಉಷಾ ಬರೆದುಕೊಳ್ಳುತ್ತಿದ್ದಾಳೆ. ನನ್ನ ಅಕ್ಷರ ಈಗ ಸಾಸಿವೆ ಕಾಳಿಗಿಂತ ಚಿಕ್ಕದು.

ನನ್ನ ಹೆಸರು ಗಿರಿಜಾ. ದೊಡ್ಡಬಳ್ಳಾಪುರದಲ್ಲಿ ನೇಯುವವರ ಮನೆಯಲ್ಲಿ ಹುಟ್ಟಿ, ಎರಡು ಬೀದಿ ಆಚೆ ನೇಯುವವರ ಮನೆಗೇ ಸೊಸೆಯಾಗಿ ಬಂದವಳು. ಮನೆಯ ಮುಂದಿನ ಅರ್ಧದಲ್ಲಿ ನಾಲ್ಕು ಪವರ್‌ಲೂಮ್, ಹಿಂದಿನ ಅರ್ಧದಲ್ಲಿ ನಾವು. ಯಜಮಾನರು ನಂಜುಂಡಪ್ಪ ಮಗ್ಗ ನೋಡಿಕೊಳ್ಳುತ್ತಿದ್ದರು, ನಾನು ಅಚ್ಚು ಕೆಚ್ಚುತ್ತಿದ್ದೆ. ಮಗ್ಗದ ಮೇಲಿನ ಹಾಸು, ಎಂದರೆ ಉದ್ದಕ್ಕೆ ಬಿಗಿದ ನೂಲು, ಮುಗಿದಾಗ ಹೊಸ ಹಾಸಿನ ಒಂದೊಂದೇ ಎಳೆಯನ್ನು ಹಳೆಯ ಎಳೆಯ ತುದಿಗೆ ಹಿಡಿದು, ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆದು ಕೂಡಿಸುವ ಕೆಲಸ. ಒಂದು ಸೀರೆಯ ಹಾಸಿನಲ್ಲಿ ಸಾವಿರಾರು ಎಳೆ. ನಮ್ಮ ಬೀದಿಯಲ್ಲಿ ನನ್ನಷ್ಟು ಬೇಗ ಕೆಚ್ಚುವವರು ಇನ್ನೊಬ್ಬರು ಇರಲಿಲ್ಲ. ಮಾತಾಡುತ್ತಾ, ನಗುತ್ತಾ, ಎದುರು ಕೂತವರ ಮುಖ ನೋಡುತ್ತಾ ಬೆರಳು ತನ್ನ ಪಾಡಿಗೆ ಓಡುತ್ತಿತ್ತು.

ತೊಂಬತ್ತರ ದಶಕ ಶುರುವಾದ ಹೊತ್ತಿಗೆ, ನನಗೆ ನಲವತ್ತನಾಲ್ಕು ತುಂಬಿದಾಗ, ಬಲಗೈಯ ಬೆರಳು ಎಳೆ ಇಲ್ಲದೆಯೇ ಹೊಸೆಯತೊಡಗಿತು. ಮಡಿಲ ಮೇಲೆ ಕೈಯಿಟ್ಟು ಸುಮ್ಮನೆ ಕೂತಾಗ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಲೇ ಇರುತ್ತಿತ್ತು. ಮೊದಲು ನೋಡಿದವರು ಯಜಮಾನರ ಅಕ್ಕ ಕಮಲಕ್ಕ. ಪಕ್ಕದ ಮನೆಯಲ್ಲೇ ಇದ್ದ ಅವರು ದಿನಕ್ಕೆ ನಾಲ್ಕು ಸಲ ಬಂದುಹೋಗುತ್ತಿದ್ದರು.

"ನೋಡ್ರೇ ಇವ್ಳ ಕೈನ! ಕೂತ್ಕಂಡ್ರೂ ಕೆಲ್ಸ ಬಿಡಲ್ಲ," ಎಂದು ನಕ್ಕರು. ನಾನೂ ನಕ್ಕೆ.

ಆಮೇಲೆ ಎಳೆ ಜಾರತೊಡಗಿತು. ಒಂದು ಹೊತ್ತಿನ ಕೆಲಸ ಎರಡು ಹೊತ್ತಾಯಿತು. ನಮ್ಮೂರಿನ ಡಾಕ್ಟರು ನರದ ವೀಕ್ನೆಸ್ ಎಂದು ಸುಮಾರು ದಿನ ಕೆಂಪು ಇಂಜೆಕ್ಷನ್ ಕೊಟ್ಟರು. ಬಲಗಾಲು ಎಳೆಯುವಂತಾದ ಮೇಲೆ ಬೆಂಗಳೂರಿಗೆ ಹೋಗಿ ಎಂದು ಚೀಟಿ ಬರೆದರು.

ಬೆಂಗಳೂರಿನ ಆ ದೊಡ್ಡ ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ಬೆಳಿಗ್ಗೆ ಏಳರಿಂದ ಕೂತಿದ್ದೆವು. ಎದುರಿನ ಬೆಂಚಿನ ತುಂಬ ನನ್ನಂಥವರೇ. ಒಬ್ಬರಿಗೆ ತಲೆ ಅಲ್ಲಾಡುತ್ತಿತ್ತು, ಒಬ್ಬರಿಗೆ ಗದ್ದ. ಅವರನ್ನು ನೋಡಬಾರದೆಂದು ನೆಲ ನೋಡುತ್ತಾ ಕೂತೆ. ಅವರೂ ನೆಲವನ್ನೇ ನೋಡುತ್ತಿದ್ದರು. ಹನ್ನೆರಡೂವರೆಗೆ ಒಳಗೆ ಕರೆದರು. ಹಿರಿಯ ಡಾಕ್ಟರು ಬೆರಳಿಗೆ ಬೆರಳು ಬಡಿಯಲು ಹೇಳಿದರು, ಪಡಸಾಲೆಯಲ್ಲಿ ನಡೆಸಿದರು, ಕಾಯಿಲೆಯ ಹೆಸರು ಹೇಳಿದರು. ಪಾರ್ಕಿನ್ಸನ್.

"ಇದು ಸಾಯೋ ಕಾಯಿಲೆ ಅಲ್ಲಮ್ಮ," ಎಂದರು.

"ವಾಸಿ ಆಗತ್ತಾ ಸಾರ್?" ಎಂದು ಯಜಮಾನರು ಕೇಳಿದರು.

"ಮಾತ್ರೆ ತಗೋತಾ ಇರ್ಬೇಕು," ಎಂದು ಅವರು ಮುಂದಿನವರನ್ನು ಕರೆದರು.

ಮಾತ್ರೆ ಚೆನ್ನಾಗಿಯೇ ಕೆಲಸ ಮಾಡಿತು. ಒಂದು ತಿಂಗಳಲ್ಲಿ ಸೊಂಟ ಸಡಿಲವಾಯಿತು, ಕಾಲು ಎತ್ತಿಡಲು ಬಂತು, ಬೆರಳಿಗೆ ಎಳೆ ಸಿಕ್ಕಿತು. ಮನೆಯಲ್ಲಿ ಪಾಯಸ ಮಾಡಿದರು. ಆ ಪಾಯಸವನ್ನು ಬಾಯಿಗಿಟ್ಟಾಗ ನನಗೆ ಏನೂ ಅನ್ನಿಸಲಿಲ್ಲ. ಸಿಹಿ ಇತ್ತು, ಗೊತ್ತಾಯಿತು. ಅಷ್ಟೇ. ಕಮಲಕ್ಕ ಕಣ್ಣೊರೆಸಿಕೊಂಡು ದೇವರಿಗೆ ಕೈ ಮುಗಿದರು. ನಾನು ಗೋಡೆ ನೋಡುತ್ತಾ, ಇನ್ನೊಬ್ಬರ ಮನೆಯ ಪಾಯಸ ಕುಡಿಯುತ್ತಿರುವವಳಂತೆ ಕುಡಿದೆ.

ಅಲ್ಲಿಂದ ಶುರು. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಎದೆಯ ಮೇಲೆ ಒದ್ದೆ ಗೋಣಿ ಹಾಕಿದಂತೆ. ಹಾಲು ತರಬೇಕು, ಒಲೆ ಹಚ್ಚಬೇಕು ಎಂಬ ಒಂದೊಂದು ಕೆಲಸವೂ ಯಾರದೋ ಊರಿನಷ್ಟು ದೂರ. ಹೊಸ ಸೀರೆಯ ಬಣ್ಣ ನೋಡಿದರೆ ಆಸೆ ಹುಟ್ಟುತ್ತಿರಲಿಲ್ಲ. ಉಷಾ ಬಿ.ಕಾಂ. ಪಾಸಾಗಿ ಓಡಿಬಂದು ತಬ್ಬಿಕೊಂಡಾಗ, ಈಗ ಖುಷಿಯಾಗಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಆಗಲಿಲ್ಲ. ಅಳುವೂ ಬರುತ್ತಿರಲಿಲ್ಲ. ಅಳು ಬಂದಿದ್ದರೆ ಯಾರಾದರೂ ಏನಾಯಿತೆಂದು ಕೇಳುತ್ತಿದ್ದರೋ ಏನೋ.

ಒಂದು ದಿನ ಧೈರ್ಯ ಮಾಡಿ ಯಜಮಾನರಿಗೆ ಹೇಳಿದೆ. "ನಂಗೆ ಯಾಕೋ ಏನೂ ಬೇಡ ಅನ್ಸುತ್ತೆ ಕಣ್ರೀ."

"ಕೈ ಸರಿ ಹೋಯ್ತಲ್ಲ, ಇನ್ನೇನು?" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಕೈ ಸರಿಹೋಗಿದ್ದು ಅವರಿಗೆ ಅಷ್ಟು ದೊಡ್ಡ ಸಮಾಧಾನವಾಗಿತ್ತು. ಆದರೆ ಅದಾದ ಮೇಲೆ ನಾನು ಬಾಯಿ ಬಿಡಲಿಲ್ಲ. ಕೈ ನಡುಗುತ್ತಿದ್ದಾಗ ಬೇಜಾರು ಮಾಡಿಕೊಳ್ಳಲು ನನಗೊಂದು ಕಾರಣವಾದರೂ ಇತ್ತು. ಈಗ ಅದೂ ಇರಲಿಲ್ಲ.

ಇಷ್ಟರಲ್ಲಿ ಉಷಾಳನ್ನು ನೋಡಲು ಗಂಡಿನ ಕಡೆಯವರು ಬಂದರು. ಆವತಿಯಲ್ಲಿ ಮನೆ, ಹುಡುಗ ದೇವನಹಳ್ಳಿಯಲ್ಲಿ ಮೇಷ್ಟ್ರು. ಒಳ್ಳೆಯ ಜನ. ನಾನು ಸಮಯ ನೋಡಿ ಮಾತ್ರೆ ನುಂಗಿ, ಹಸಿರು ರೇಷ್ಮೆ ಸೀರೆ ಉಟ್ಟು, ನಡುಗದ ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದೆ. ಹುಡುಗನ ತಾಯಿ ನನ್ನನ್ನು ನೋಡಿ ನಕ್ಕರು. ನಾನೂ ನಕ್ಕೆ. ಏನೇನೋ ಕೇಳಿದರು, ಉತ್ತರ ಹೇಳಿದೆ. ಮುಂದಿನ ಕೋಣೆಯಲ್ಲಿ ಮಗ್ಗ ನಡೆಯುತ್ತಿದ್ದವು. ಅವರು ಕಿವಿಗೆ ಕೈಯಿಟ್ಟು "ಆಂ? ಆಂ?" ಎಂದು ಎರಡು ಸಲ ಕೇಳಿ ಸುಮ್ಮನಾದರು. ಎಲ್ಲ ಚೆನ್ನಾಗಿ ನಡೆಯಿತೆಂದೇ ನಾನು ತಿಳಿದೆ.

ವಾರ ಕಳೆದು ಸಂಬಂಧ ತಂದಿದ್ದವರು ಬಂದು ಹೇಳಿದರು. "ಹುಡುಗೀನ ಒಪ್ಕಂಡವ್ರೆ ಸ್ವಾಮಿ. ಆದ್ರೆ ಹುಡುಗೀ ತಾಯಿಗೇ ಇಷ್ಟ ಇಲ್ದಿರೋ ಮನೆಯಿಂದ ಹೆಣ್ಣು ತರೋದು ಬೇಡ ಅಂತ. ಬಂದಾಗಿಂದ ಹೋಗೋವರ್ಗೂ ಆಯಮ್ಮ ಗುರಾಯಿಸ್ತಾನೇ ಇದ್ರಂತೆ."

ಅವರು ಹೋದ ಮೇಲೆ ಯಜಮಾನರು ನನ್ನ ಮುಂದೆ ಬಂದು ನಿಂತರು. "ಒಂದ್ ಸಲ ನಗೋಕೆ ಏನಾಗಿತ್ತೇ ನಿಂಗೆ? ಒಂದೇ ಒಂದ್ ಸಲ!"

"ನಕ್ಕೆನಲ್ರೀ," ಎಂದೆ.

"ಎಲ್ಲಿ ನಕ್ಕೆ? ನಾನು ಪಕ್ದಲ್ಲೇ ಕೂತಿದ್ದೆ!"

ಉಷಾ ತಟ್ಟೆ ಲೋಟ ಎತ್ತಿಕೊಂಡು ಬಚ್ಚಲಿಗೆ ಹೋದಳು. ನಾನು ಒಳಮನೆಗೆ ಹೋಗಿ ಬೀರುವಿನ ಕನ್ನಡಿಯ ಮುಂದೆ ನಿಂತು ನಕ್ಕೆ. ಒಳಗಿನಿಂದ ನನಗೆ ಗೊತ್ತಾಗುತ್ತಿತ್ತು, ಕೆನ್ನೆ ಎತ್ತುತ್ತಿದ್ದೇನೆ, ಕಣ್ಣು ಕಿರಿದು ಮಾಡುತ್ತಿದ್ದೇನೆ. ಕನ್ನಡಿಯಲ್ಲಿದ್ದವಳು ಮಾತ್ರ ಕದಲಲಿಲ್ಲ. ರೆಪ್ಪೆ ಕೂಡ ಬಡಿಯದೆ ನನ್ನನ್ನೇ ನೋಡುತ್ತಿದ್ದಳು. ಇನ್ನೂ ಜೋರಾಗಿ ನಕ್ಕೆ. ತುಟಿಯ ಎಡಗಡೆಯ ಕೊನೆ ಒಂದು ನೂಲಿನಷ್ಟು ಮೇಲೆ ಹೋಗಿ ಇಳಿಯಿತು. ನೋಡಿದರೆ ವ್ಯಂಗ್ಯ ಮಾಡುವಂತಿತ್ತು. ಆವತಿಯ ಆ ಹೆಂಗಸು ಕಂಡದ್ದು ಇದನ್ನೇ. ನನ್ನ ಮನೆಯವರು ದಿನಾ ಊಟಕ್ಕೆ ಕೂತು ಎದುರಿಗೆ ನೋಡುತ್ತಿದ್ದದ್ದೂ ಇದನ್ನೇ. ಈ ಮುಖದ ಹಿಂದೆ ನನ್ನನ್ನು ಕೂಡಿಹಾಕಿ ಯಾರೋ ಬೀಗ ಜಡಿದಿದ್ದರು. ನಾನು ಒಳಗಿನಿಂದ ಕೂಗುತ್ತಿದ್ದದ್ದು ಹೊರಗಿನವರಿಗೆ ಬೈಗುಳದಂತೆ ಕಾಣುತ್ತಿತ್ತು.

ಅವತ್ತಿನಿಂದ ನಾಲ್ಕನೇ ದಿನ ನಾನು ಮಾತ್ರೆ ಬಿಟ್ಟೆ. ಯಾರಿಗೂ ಹೇಳಲಿಲ್ಲ. ಹೊತ್ತು ಹೊತ್ತಿಗೆ ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು ಹಿತ್ತಲಿಗೆ ಹೋಗಿ ಉಗುಳಿ ಬರುತ್ತಿದ್ದೆ. ಸಾಯಬೇಕೆಂದು ಯೋಚಿಸಿ ಮಾಡಿದ್ದೆ ಎನ್ನಲಾರೆ. ನಿಂತುಹೋಗಬೇಕು ಎನ್ನಿಸಿತ್ತು. ಮಾತ್ರೆ ಹೀಗೆ ತಟಕ್ಕನೆ ಬಿಡುವುದು ಎಷ್ಟು ಅಪಾಯವೆಂದು ಆಮೇಲೆ ಗೊತ್ತಾಯಿತು. ಓದುವವರು ಯಾರೂ ಆ ಕೆಲಸ ಮಾಡಬೇಡಿ.

ಮಾತ್ರೆ ಬಿಟ್ಟ ಮೂರನೇ ದಿನ ಹನ್ನೊಂದು ಗಂಟೆಯ ಹೊತ್ತಿಗೆ ಹಿಂದಿನ ಕೋಣೆಯ ಮರದ ಕುರ್ಚಿಯಲ್ಲಿ ಕೂತವಳು ಏಳಲಾಗಲಿಲ್ಲ. ಕಾಲು ನೆಲಕ್ಕೆ ಅಂಟಿತ್ತು. ಕುತ್ತಿಗೆ ತಿರುಗಲಿಲ್ಲ. ಬಾಯಾರಿಕೆ. ನೀರಿನ ಚೊಂಬು ಮೂರು ಮೊಳ ದೂರದಲ್ಲಿ ಕಿಟಕಿಯ ಕಟ್ಟೆಯ ಮೇಲಿತ್ತು. ಆಗ ನನಗೆ ಭಯವಾಯಿತು. ನಿಂತುಹೋಗಬೇಕೆಂದು ಬಯಸಿದ್ದವಳು ನಾನೇ. ನಿಂತ ಮೇಲೆ ಹೀಗಿರುತ್ತದೆಂದು ಗೊತ್ತಿರಲಿಲ್ಲ. ಎಲ್ಲ ಗೊತ್ತಾಗುತ್ತಿರುತ್ತದೆ, ನೊಣ ಮೂಗಿನ ಮೇಲೆ ಕೂತಿದ್ದು ಕೂಡ.

"ಉಷಾ," ಎಂದು ಕೂಗಿದೆ. ನನ್ನ ದನಿ ನನಗೇ ಕೇಳಲಿಲ್ಲ. ಮುಂದೆ ನಾಲ್ಕು ಮಗ್ಗ ಒಟ್ಟಿಗೆ ಬಡಿಯುತ್ತಿದ್ದವು. ಈ ಕಾಯಿಲೆಯಲ್ಲಿ ದನಿಯೂ ಕುಗ್ಗುತ್ತದೆ, ಗಂಟಲಿನಿಂದ ಹೊರಟದ್ದು ಹಲ್ಲಿನ ಹತ್ತಿರವೇ ಮುಗಿದುಹೋಗುತ್ತದೆ. ಮತ್ತೆ ಕೂಗಿದೆ. ಹುಟ್ಟಿದಾಗಿನಿಂದ ಕೇಳಿಕೊಂಡು ಬಂದ ಮಗ್ಗದ ಸದ್ದು ಅವತ್ತು ಗೋಡೆಯಂತೆ ನನ್ನ ಮುಂದೆ ನಿಂತಿತ್ತು. ಎಷ್ಟು ಹೊತ್ತು ಕೂಗಿದೆನೋ. ಕಿಟಕಿಯಿಂದ ನೆಲದ ಮೇಲೆ ಬಿದ್ದಿದ್ದ ಬಿಸಿಲು ನನ್ನ ಪಾದದ ತನಕ ಬಂದು ದಾಟಿಹೋಯಿತು.

ಆಗ ಕರೆಂಟು ಹೋಯಿತು.

ನೇಯುವವರ ಊರಿನಲ್ಲಿ ಕರೆಂಟು ಹೋದರೆ ಬೀದಿಯೇ ಬೈಯುತ್ತದೆ. ನಾಲ್ಕೂ ಮಗ್ಗ, ಪಕ್ಕದ ಮನೆಯವು, ಎದುರಿನವು, ಎಲ್ಲ ಒಂದೇ ಸಲ ನಿಂತವು. ಆ ಮೌನದಲ್ಲಿ ನಾನು ಇನ್ನೊಂದು ಸಲ "ಉಷಾ" ಎಂದೆ. ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದವಳು ಒದ್ದೆ ಕೈಯಲ್ಲೇ ಓಡಿಬಂದಳು.

ನೀರು ಕುಡಿಸಿದಳು. ಕಾಲು ತಿಕ್ಕಿದಳು. "ಮಾತ್ರೆ ತಗೊಂಡ್ಯೇನಮ್ಮ?"

"ಇಲ್ಲ."

"ಮರ್ತೋಯ್ತಾ?"

"ಇಲ್ಲ. ನಾನೇ ಬಿಟ್ಟೆ. ಮೂರು ದಿನ ಆಯ್ತು."

ಅವಳು ನನ್ನ ಕಾಲ ಹತ್ತಿರ ನೆಲದ ಮೇಲೆ ಕೂತುಬಿಟ್ಟಳು. "ನನ್ ಮದ್ವೆ ಮುರಿದು ಹೋಗಿದ್ದಕ್ಕಾ?"

"ಅದಕ್ಕಲ್ಲ. ಅದಕ್ಕಿಂತ ಮುಂಚಿಂದಾನೂ ಹಿಂಗೇ. ನಂಗೆ ಇರೋದು ಬೇಡ ಅನ್ಸುತ್ತೆ ಉಷಾ. ದಿನಾ ಅನ್ಸುತ್ತೆ."

ನನ್ನ ಮುಖ ಆಗಲೂ ಕಲ್ಲಿನಂತೆಯೇ ಇದ್ದಿರಬೇಕು. ಆದರೆ ಅವಳು ಮುಖ ನೋಡಲಿಲ್ಲ. ನನ್ನ ಮೊಣಕಾಲಿಗೆ ಹಣೆಯೊತ್ತಿ ಅತ್ತಳು. ಅತ್ತು ಮುಗಿಸಿ ಎದ್ದು, ಮಗ್ಗದ ಕೋಣೆಗೆ ಹೋಗಿ ಅಪ್ಪನಿಗೆ ಹೇಳಿದಳು. "ನಾಳೆ ಅಮ್ಮನ್ನ ಬೆಂಗಳೂರಿಗೆ ಕರ್ಕೊಂಡು ಹೋಗ್ಬೇಕು. ನೀವು ಬರದಿದ್ರೆ ನಾನೊಬ್ಬಳೇ ಹೋಗ್ತೀನಿ."

ಮೂವರೂ ಹೋದೆವು. ಅವತ್ತು ಹಿರಿಯ ಡಾಕ್ಟರು ರಜೆ. ಅವರ ಬದಲು ಮುನಿರಾಜು ಎಂಬ ಚಿಕ್ಕ ವಯಸ್ಸಿನ ಡಾಕ್ಟರು ಕೂತಿದ್ದರು. ಮಾತು ಕೇಳಿದ ಕೂಡಲೇ ನಮ್ಮ ಕಡೆಯವರೆಂದು ತಿಳಿಯಿತು. ಸಮೇತನಹಳ್ಳಿಯ ರಾಗಿ ಬೆಳೆಯುವವರ ಮನೆಯವರಂತೆ. ಮಾತ್ರೆ ಬಿಟ್ಟಿದ್ದನ್ನು ಉಷಾ ಹೇಳಿದಳು. ಅವರು ಬೈಯಲಿಲ್ಲ. ಯಜಮಾನರ ಕಡೆ ತಿರುಗಿ, "ಯಜಮಾನ್ರೇ, ನೀವೂ ಮಗಳೂ ಸ್ವಲ್ಪ ಆಚೆ ಕೂತಿರ್ತೀರಾ?" ಎಂದರು.

"ನಾನ್ ಇದ್ರೆ ಏನ್ ಸಾರ್?"

"ಅಮ್ಮನ ಹತ್ರ ಮಾತಾಡ್ಬೇಕು. ಅವ್ರು ಹೇಳೋದನ್ನ ನೀವು ಹೇಳಿಬಿಡ್ತೀರ, ಅದಕ್ಕೇ."

ಬಾಗಿಲು ಮುಚ್ಚಿದ ಮೇಲೆ ಅವರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. ನನ್ನ ದನಿ ಚಿಕ್ಕದೆಂದು ಗೊತ್ತಿತ್ತು ಅವರಿಗೆ. ಬೆಳಿಗ್ಗೆ ಎದ್ದಾಗ ಹೇಗನ್ನಿಸುತ್ತದೆ, ಊಟ ರುಚಿಸುತ್ತದೆಯೇ, ಹಿಂದೆ ಇಷ್ಟವಾಗುತ್ತಿದ್ದದ್ದು ಈಗ ಏನಾದರೂ ಇಷ್ಟವಾಗುತ್ತದೆಯೇ ಎಂದು ಒಂದೊಂದೇ ಕೇಳಿದರು. ಒಂದು ಪ್ರಶ್ನೆಗೆ ಉತ್ತರ ಹೇಳಲು ನನಗೆ ಬಹಳ ಹೊತ್ತು ಬೇಕಿತ್ತು. ಅವರು ಕಾದರು. ಗಡಿಯಾರ ನೋಡಲಿಲ್ಲ.

"ಬೆಳಿಗ್ಗೆ ಏಳದೇ ಇದ್ರೇ ಚೆನ್ನಾಗಿತ್ತು ಅನ್ಸುತ್ತಾ ಅಮ್ಮ?"

"ಹೂಂ."

"ಯಾರಿಗಾದ್ರೂ ಹೇಳಿದ್ರಾ?"

"ನಿನ್ನೆ ಮಗಳಿಗೆ ಹೇಳ್ದೆ."

"ಒಳ್ಳೇದು ಮಾಡಿದ್ರಿ," ಎಂದರು. ಆಮೇಲೆ ಅವರು ಹೇಳಿದ ಮಾತು ನನಗೆ ಇಂದಿಗೂ ಕಿವಿಯಲ್ಲಿದೆ. "ಇದು ನಿಮ್ಮ ಸೋಮಾರಿತನ ಅಲ್ಲ, ಕೆಟ್ಟ ಬುದ್ಧಿ ಅಲ್ಲ. ಕಾಯಿಲೆ ಬಂತಲ್ಲ ಅನ್ನೋ ಬೇಜಾರು ಒಂದೇ ಅಲ್ಲ. ಕೈ ನಡುಗಿಸೋ ಕಾಯಿಲೇನೇ ಎಷ್ಟೋ ಜನಕ್ಕೆ ಮನಸ್ಸನ್ನೂ ಹಿಡ್ಕೊಳ್ಳುತ್ತೆ. ಇದಕ್ಕೂ ಔಷಧಿ ಇದೆ."

ಅಷ್ಟು ದಿನ ನನ್ನೊಳಗೆ ಒಬ್ಬ ಕೆಟ್ಟ ಹೆಂಗಸು ಬಂದು ಸೇರಿಕೊಂಡಿದ್ದಾಳೆ ಎಂದುಕೊಂಡಿದ್ದೆ.

ಯಜಮಾನರನ್ನು ಒಳಗೆ ಕರೆದು, ಡಾಕ್ಟರು ಇನ್ನೊಂದು ವಿಷಯ ಕೇಳಿದರು. ಈ ಕಾಯಿಲೆಯಿದ್ದು ಮನಸ್ಸು ಕುಗ್ಗಿದವರ ಮೆದುಳಿನ ಚಿತ್ರವನ್ನೂ, ಕಾಯಿಲೆಯಿದ್ದೂ ಮನಸ್ಸು ಕುಗ್ಗದವರ ಚಿತ್ರವನ್ನೂ ತೆಗೆದು ಹೋಲಿಸಿ ನೋಡುತ್ತಿದ್ದಾರಂತೆ. ನನ್ನದೂ ತೆಗೆಯಬಹುದೇ ಎಂದು. ಅದರಿಂದ ನನಗೆ ಲಾಭವೇನೂ ಇಲ್ಲದಿರಬಹುದು, ಬೇಡವೆಂದರೂ ಔಷಧಿ ಕೊಡುತ್ತೇವೆ ಎಂದರು.

"ಫೋಟೋದಲ್ಲಿ ಬೇಜಾರು ಕಾಣ್ಸುತ್ತಾ ಸಾರ್?" ಎಂದು ಯಜಮಾನರು ಕೇಳಿದರು.

"ಗೊತ್ತಿಲ್ಲ. ಗೊತ್ತಿದ್ರೆ ಯಾಕೆ ತೆಗೀತಿದ್ವಿ?"

ನಾನು ಒಪ್ಪಿದೆ. ನಿಜ ಹೇಳಬೇಕೆಂದರೆ ನನಗೊಂದು ಆಸೆ ಹುಟ್ಟಿತ್ತು, ಎಷ್ಟೋ ದಿನಗಳ ಮೇಲೆ ಮೊದಲ ಆಸೆ. ಆ ಚಿತ್ರದಲ್ಲಿ ಒಂದು ಕಪ್ಪು ಚುಕ್ಕೆಯಾದರೂ ಕಾಣಲಿ, ಇಲ್ಲಿದೆ ನೋಡಿ ಎಂದು ಡಾಕ್ಟರು ಬೆರಳಿಟ್ಟು ನಮ್ಮ ಮನೆಯವರಿಗೆ ತೋರಿಸಲಿ ಎಂದು.

ಹದಿನೈದು ದಿನ ಬಿಟ್ಟು ಹೋದೆವು. ಮೈಮೇಲೆ ಲೋಹ ಇರಬಾರದೆಂದರು. ತಾಳಿ ತೆಗೆಯಬೇಕೆಂದು ಕೇಳಿದ ಕೂಡಲೇ ಜೊತೆಗೆ ಬಂದಿದ್ದ ಕಮಲಕ್ಕ ಸೆರಗಿನ ಗಂಟಿನಿಂದ ಅರಿಶಿನದ ದಾರಕ್ಕೆ ಕಟ್ಟಿದ ಅರಿಶಿನ ಕೊಂಬು ತೆಗೆದರು. ಯಾರನ್ನು ಕೇಳಿ ತಿಳಿದುಕೊಂಡು ಬಂದಿದ್ದರೋ. ಯಜಮಾನರು ಅಷ್ಟು ಜನರ ಮುಂದೆ ಅದನ್ನು ನನ್ನ ಕುತ್ತಿಗೆಗೆ ಕಟ್ಟಿದರು. ದಿನಾ ನೂಲು ಕಟ್ಟುವವರಿಗೆ ಗಂಟು ಎರಡು ಸಲ ಜಾರಿತು. ಕಾಲುಂಗುರ ಬಂತು. ಮೂಗುಬೊಟ್ಟು ಮಾತ್ರ ಬರಲಿಲ್ಲ, ಹದಿಮೂರು ವರ್ಷಕ್ಕೆ ಹಾಕಿದ್ದು. ನರ್ಸಮ್ಮ ಸೋಪು ಹಚ್ಚಿ, ಎಣ್ಣೆ ಹಚ್ಚಿ, ಮೂಗು ಕೆಂಪಾಗುವಂತೆ ತಿರುಚಿ ತೆಗೆದರು. ಬರಿ ಮೂಗು, ಬರಿ ಕಾಲು, ಆಸ್ಪತ್ರೆಯ ಹಸಿರು ನಿಲುವಂಗಿ. ಯಾರೋ ಬೇರೆ ಹೆಂಗಸಿನಂತೆ ಹಲಗೆಯ ಮೇಲೆ ಮಲಗಿದೆ.

ತಲೆಗೆ ಎರಡೂ ಕಡೆ ದಿಂಬು ಒತ್ತಿ, ಮೇಲೊಂದು ಪಂಜರದಂಥದ್ದು ಮುಚ್ಚಿದರು. ಅಲ್ಲಾಡಬಾರದು ಎಂದರು. ಕೈಗೊಂದು ರಬ್ಬರಿನ ಚೆಂಡು ಕೊಟ್ಟು, ಭಯವಾದರೆ ಒತ್ತಿ ಎಂದರು. ಹಲಗೆ ತಾನಾಗಿ ಸರಿದು ನನ್ನನ್ನು ಸ್ಕ್ಯಾನಿಂಗ್ ಮಿಷನ್ನಿನ ಕೊಳವೆಯೊಳಗೆ ತಳ್ಳಿತು. ಮೂಗಿಗೂ ಮೇಲಿನ ಗೋಡೆಗೂ ನಡುವೆ ಒಂದು ಗೇಣು. ಕಾಯಿಲೆಯೊಳಗೆ ಮುಖ, ಮುಖದೊಳಗೆ ನಾನು ಎಂದುಕೊಂಡಿದ್ದೆ. ಈಗ ಅದರ ಮೇಲೆ ಇನ್ನೊಂದು ಡಬ್ಬಿ. ಚೆಂಡು ಒತ್ತಲು ನೋಡಿದೆ. ಬೆರಳಿಗೆ ಬಲ ಬರಲಿಲ್ಲ.

ಆಮೇಲೆ ಸದ್ದು ಶುರುವಾಯಿತು. ಹೊರಗೆ ಬಂದವರೆಲ್ಲ ಆ ಸದ್ದಿಗೇ ಹೆದರಿದೆವು ಎನ್ನುತ್ತಾರೆ. ನನಗೆ ಹೆದರಿಕೆಯಾಗಲಿಲ್ಲ. ಕೆಟ್ಟುಹೋದ ಮಗ್ಗದ ಸದ್ದು ಹಾಗೆಯೇ ಇರುತ್ತದೆ. ಕಣ್ಣು ಮುಚ್ಚಿ ಎಣಿಸುತ್ತಾ ಮಲಗಿದೆ. ಅಲ್ಲಿ ನನ್ನ ಮುಖವನ್ನು ಯಾರೂ ನೋಡುತ್ತಿರಲಿಲ್ಲ. ನಗಬೇಕಾಗಿರಲಿಲ್ಲ, ಉತ್ತರ ಹೇಳಬೇಕಾಗಿರಲಿಲ್ಲ. ಹಾಗೆ ಮಲಗಿದ್ದಾಗ ಕಣ್ಣೀರು ಬಂತು. ಎಷ್ಟೋ ತಿಂಗಳಿಂದ ಬಾರದೆ ಇದ್ದದ್ದು, ಒರೆಸಿಕೊಳ್ಳಲಾಗದ ಜಾಗದಲ್ಲಿ ಬಂತು. ಎರಡು ಕಡೆಯೂ ಇಳಿದು ಕಿವಿಯೊಳಗೆ ಹೋಯಿತು.

ಸದ್ದು ನಿಂತು, ಆಚೆಯಿಂದ ಮಿಷನ್ ನಡೆಸುತ್ತಿದ್ದ ಹುಡುಗಿಯ ದನಿ ಕೇಳಿತು. "ಅಮ್ಮಾ, ತಲೆ ಅಲ್ಲಾಡ್ತಿದೆ. ಅಳ್ತಿದೀರಾ? ಅತ್ತು ಬಿಡಿ. ಮುಗಿದ ಮೇಲೆ ಮತ್ತೆ ತೆಗೆಯೋಣ, ಅವಸರ ಇಲ್ಲ."

ಆ ಹುಡುಗಿಯ ಮುಖವನ್ನು ನಾನು ಸರಿಯಾಗಿ ನೋಡಲೂ ಇಲ್ಲ. ಆ ಮಾತಿಗೆ ಈಗಲೂ ಕೈ ಮುಗಿಯುತ್ತೇನೆ.

ಚಿತ್ರ ಬಂದ ದಿನ ಡಾಕ್ಟರು ಅದನ್ನು ದೀಪದ ಪೆಟ್ಟಿಗೆಯ ಮುಂದೆ ಸಿಕ್ಕಿಸಿದರು. ಕಪ್ಪು ಹಾಳೆಯಲ್ಲಿ ಸಾಲಾಗಿ ಬೂದು ಬಣ್ಣದ ಅಕ್ರೋಟಿನ ಹೋಳುಗಳು. ಎಲ್ಲ ನಾನೇ. ಯಜಮಾನರು ಕನ್ನಡಕ ಹಾಕಿಕೊಂಡು, ಬಟ್ಟೆಯಲ್ಲಿ ತಪ್ಪಿದ ಎಳೆ ಹುಡುಕುವವರಂತೆ ಒಂದೊಂದನ್ನೂ ನೋಡಿದರು.

"ಎಲ್ಲೈತೆ ಸಾರ್?"

"ಎಲ್ಲೂ ಇಲ್ಲ. ನಮ್ಮ ಕಣ್ಣಿಗೆ ಕಾಣೋ ಹಾಗೆ ಏನೂ ಇಲ್ಲ. ವಯಸ್ಸಿಗೆ ತಕ್ಕ ಹಾಗೆ ಚೆನ್ನಾಗೇ ಇದೆ. ನೂರಾರು ಜನರದ್ದು ಒಟ್ಟಿಗಿಟ್ಟು ಅಳತೆ ಮಾಡಿದ್ರೆ ಏನಾದ್ರೂ ಗೊತ್ತಾಗಬಹುದೋ ಏನೋ."

ಯಜಮಾನರ ಮುಖದಲ್ಲಿ ಒಂದು ಬೆಳಕು ಬಂದದ್ದು ನೋಡಿದೆ. ನನ್ನ ಕಡೆ ತಿರುಗಿ, ಪ್ರೀತಿಯಿಂದಲೇ, "ನೋಡ್ದಾ? ಏನೂ ಇಲ್ವಂತೆ. ಎಲ್ಲಾ ನಿನ್ ಭ್ರಮೆ ಕಣೇ. ಧೈರ್ಯ ತಗೋ," ಎಂದರು.

ಮುಗಿಯಿತು ಎಂದುಕೊಂಡೆ. ಇನ್ನು ಯಾವತ್ತು ಬಾಯಿ ಬಿಟ್ಟರೂ ಈ ಕಪ್ಪು ಹಾಳೆಯನ್ನು ಮುಂದೆ ಹಿಡಿಯುತ್ತಾರೆ. ನಾನೇ ಒಪ್ಪಿ ಒಳಗೆ ಹೋಗಿ, ನನ್ನ ವಿರುದ್ಧ ಸಾಕ್ಷಿ ತಂದಿದ್ದೆ.

ಡಾಕ್ಟರು ಕುರ್ಚಿಯನ್ನು ಯಜಮಾನರ ಕಡೆ ತಿರುಗಿಸಿಕೊಂಡರು. ಆಮೇಲೆ ಕೇಳಿದರು. "ಯಜಮಾನ್ರೇ, ನಿಮ್ಮ ಮನೆಯವರ ಕೈ ನಡುಗುತ್ತಾ?"

"ಮಾತ್ರೆ ಹೊತ್ತು ಮೀರಿದ್ರೆ ನಡುಗ್ತದಲ್ಲ ಸಾರ್, ಈಗ್ಲೂ ನೋಡಿ."

"ಈ ಚಿತ್ರದಲ್ಲಿ ತೋರ್ಸಿ, ಎಲ್ಲಿ ನಡುಗ್ತಿದೆ?"

ಯಜಮಾನರು ಚಿತ್ರ ನೋಡಿದರು, ನನ್ನ ಕೈ ನೋಡಿದರು.

"ಕಾಲು ಎಳೀತಾರಲ್ಲ, ಅದು ಎಲ್ಲಿದೆ? ಅದೂ ಇಲ್ಲ ಇದರಲ್ಲಿ. ಈ ಮಿಷನ್ನಿಗೆ ಅವರ ನಡುಕಾನೇ ಕಾಣ್ಸಲ್ಲ. ಹಂಗಂತ ನಡುಕ ಭ್ರಮೆ ಅಂತೀರಾ?"

ಯಜಮಾನರು ಕನ್ನಡಕ ತೆಗೆದರು. ಬಹಳ ಹೊತ್ತು ಪಂಚೆಯ ಅಂಚಿನಿಂದ ಅದನ್ನು ಒರೆಸಿದರು. "ಮತ್ತೆ ನಮಗೆ ಹೆಂಗ್ ಸಾರ್ ಗೊತ್ತಾಗೋದು?" ಎಂದರು. ದನಿ ಕುಗ್ಗಿತ್ತು. "ಮುಖ ನೋಡಿದ್ರೂ ಗೊತ್ತಾಗಲ್ಲ, ಫೋಟೋ ನೋಡಿದ್ರೂ ಗೊತ್ತಾಗಲ್ಲ."

"ಕೇಳ್ಬೇಕು," ಎಂದರು ಡಾಕ್ಟರು. "ದಿನಾ ಕೇಳಿ. ಕೇಳಿಬಿಟ್ಟು ಕಾಯಿರಿ. ಅವರಿಗೆ ಹೇಳೋಕೆ ಹೊತ್ತು ಬೇಕು."

ಮನಸ್ಸಿಗೆಂದು ಕೊಟ್ಟ ಮಾತ್ರೆ ಮೊದಲ ಮೂರು ವಾರ ಬಾಯಿ ಒಣಗಿಸಿದ್ದು ಬಿಟ್ಟರೆ ಇನ್ನೇನೂ ಮಾಡಲಿಲ್ಲ. ಎದೆಯ ಮೇಲಿನ ಒದ್ದೆ ಗೋಣಿ ಹಾಗೆಯೇ ಇತ್ತು. ಯಜಮಾನರು ಮಾತ್ರ ಚಿತ್ರ ನೋಡಿದ ಮರುದಿನದಿಂದಲೇ ಶುರುಮಾಡಿದರು. ಬೆಳಿಗ್ಗೆ ಮಗ್ಗ ಹಾಕುವ ಮುಂಚೆ ನನ್ನ ಮಂಚದ ಹತ್ತಿರ ಬಂದು ನಿಂತು, ನೂಲು ಬಂತಾ ಎಂದು ಕೇಳುವ ದನಿಯಲ್ಲಿ, "ಇವತ್ತು ಹೆಂಗೈತೆ?" ಎನ್ನುತ್ತಿದ್ದರು. ಮೊದಮೊದಲು ನನಗೆ ಉತ್ತರವೇ ಹೊರಡುತ್ತಿರಲಿಲ್ಲ. ಅವರು ಕಿಟಕಿ ನೋಡುತ್ತಾ ನಿಂತಿರುತ್ತಿದ್ದರು. ಕೆಲಸದವರು ಬಂದು ಕೂಗಿದರೂ ಅಲುಗುತ್ತಿರಲಿಲ್ಲ. "ನಿನ್ನೆ ಥರಾನೇ," ಎಂದು ನಾನು ಹೇಳುವವರೆಗೂ ನಿಲ್ಲುತ್ತಿದ್ದರು.

ಒಂದು ಮಧ್ಯಾಹ್ನ ಉಷಾ ಮಾಡಿದ ಹುಳಿ ಬಾಯಿಗಿಟ್ಟು, "ಉಪ್ಪು ಸಾಲದು ಕಣೇ," ಎಂದೆ. ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ಉಪ್ಪು ಬೇಕು ಎನ್ನಿಸಿತ್ತು. ಉಷಾ ಉಪ್ಪಿನ ಡಬ್ಬಿ ತರಲು ಎದ್ದವಳು ಅಡುಗೆಮನೆಯಲ್ಲೇ ಸ್ವಲ್ಪ ಹೊತ್ತು ನಿಂತುಬಿಟ್ಟಳು.

ವಾಸಿಯಾಯಿತೆಂದು ಹೇಳಲಾರೆ. ಗೋಣಿ ತೆಗೆದರು, ಆದರೆ ಬಾಗಿಲ ಹಿಂದೆಯೇ ಇಟ್ಟಿದ್ದಾರೆ. ಆಮೇಲೆ ಎರಡು ಸಲ ಬಂದು ಮತ್ತೆ ಮೇಲೆ ಬಿದ್ದಿದೆ. ಎರಡನೆಯ ಸಲ ಮಾತ್ರೆ ಬದಲಾಯಿಸಬೇಕಾಯಿತು. ಅಚ್ಚು ಕೆಚ್ಚುವುದು ಬಿಟ್ಟೇಹೋಯಿತು. ಈಗಲೂ ಮಾತ್ರೆಯ ಹೊತ್ತು ಮೀರಿದರೆ ಬಾಗಿಲ ಹೊಸ್ತಿಲಲ್ಲಿ ಕಾಲು ಅಂಟಿ, ಒಳಗೂ ಇಲ್ಲ ಹೊರಗೂ ಇಲ್ಲ ಎಂಬಂತೆ ನಿಂತುಬಿಡುತ್ತೇನೆ. ಮುಖ ಸಡಿಲಾಗಲಿಲ್ಲ. ಉಷಾಳನ್ನು ನೋಡಲು ಮತ್ತೊಬ್ಬರು ಬಂದಾಗ, ಅವರು ಕೂರುವ ಮುಂಚೆಯೇ ಮಗ್ಗ ನಿಲ್ಲಿಸಲು ಹೇಳಿ, "ನನ್ನ ಮುಖ ನಗಲ್ಲ, ಅದು ಕಾಯಿಲೆ. ನೀವು ಬಂದಿದ್ದು ನಂಗೆ ಸಂತೋಷ," ಎಂದು ಬಾಯಿಬಿಟ್ಟು ಹೇಳಿದೆ. ಹುಡುಗನ ಅಜ್ಜಿ ಎದ್ದು ಬಂದು ನನ್ನ ಪಕ್ಕದಲ್ಲಿ ಕೂತರು. ಜಡಿಗೇನಹಳ್ಳಿಯ ಆ ಮನೆಯಲ್ಲಿ ಉಷಾ ಈಗ ಚೆನ್ನಾಗಿದ್ದಾಳೆ. ತಿಂಗಳಿಗೊಮ್ಮೆ ಬಂದು ನಾಲ್ಕು ಪುಟ ಬರೆದುಕೊಂಡು ಹೋಗುತ್ತಾಳೆ.

ಮುನಿರಾಜು ಡಾಕ್ಟರು ಬೇರೆ ಊರಿಗೆ ಹೋದರು. ಆ ಚಿತ್ರಗಳನ್ನೆಲ್ಲ ಹೋಲಿಸಿ ಏನು ತಿಳಿಯಿತೋ ನನಗೆ ಗೊತ್ತಿಲ್ಲ. ತಿಳಿಯಲಿ ಎಂದು ಆಸೆ ಇದೆ. ನಾನು ಮೂರು ತಿಂಗಳಿಗೊಮ್ಮೆ ಅದೇ ಪಡಸಾಲೆಗೆ ಹೋಗಿ ಕೂರುತ್ತೇನೆ. ಈಗ ನೆಲ ನೋಡುವುದಿಲ್ಲ.

ಹೋದ ಸಲ ನನ್ನ ಪಕ್ಕದ ಬೆಂಚಿನಲ್ಲಿ ಅರವತ್ತು ದಾಟಿದ ಒಬ್ಬರು ಕೂತಿದ್ದರು. ಬಿಳಿ ಪಂಚೆ, ಗುಂಡಿ ತಪ್ಪಾಗಿ ಹಾಕಿದ ಅಂಗಿ. ಅವರ ಹೆಂಡತಿ ಯಾರಿಗೋ ಹೇಳುತ್ತಿದ್ದರು. "ಮನೇಲೂ ಹಿಂಗೇ ಕಣಮ್ಮ. ಮುಖ ಊದಿಸ್ಕಂಡೇ ಇರ್ತಾರೆ. ಏನ್ ಮಾಡಿದ್ರೂ ಸಮಾಧಾನ ಇಲ್ಲ."

ನಾನು ನಿಧಾನವಾಗಿ ಎದ್ದು ಹೋಗಿ ಅವರ ಇನ್ನೊಂದು ಪಕ್ಕದಲ್ಲಿ ಕೂತೆ. "ಅಣ್ಣಾ, ಒಳಗೆ ಬೇಜಾರಿದೆಯಾ?" ಎಂದು ಕೇಳಿದೆ.

"ಅವ್ರಿಗೇನೂ ಇಲ್ಲಮ್ಮ, ಚೆನ್ನಾಗವ್ರೆ," ಎಂದರು ಹೆಂಡತಿ.

ನಾನು ಆ ಅಣ್ಣನ ಮುಖ ನೋಡಲಿಲ್ಲ. ಅದರಲ್ಲಿ ಏನೂ ಸಿಗುವುದಿಲ್ಲವೆಂದು ಗೊತ್ತಿತ್ತು. ಕಿವಿಯನ್ನು ಅವರ ಬಾಯಿಯ ಹತ್ತಿರ ಹಿಡಿದು ಕಾದೆ. ಅಷ್ಟರಲ್ಲಿ ಅವರ ನಂಬರು ಕೂಗಿದರು. ಹೆಂಡತಿ ಚೀಟಿ, ಚೀಲ ಎತ್ತಿಕೊಂಡು "ಏಳ್ರೀ" ಎಂದರು. ಅವರು ಏಳಲಿಲ್ಲ. ತುಟಿ ಸ್ವಲ್ಪ ಬಿಚ್ಚಿತು, ಮುಚ್ಚಿತು, ಮತ್ತೆ ಬಿಚ್ಚಿತು.

"ನಾಲ್ಕು ವರ್ಷ ಆಯ್ತು," ಎಂದರು.

ಹೆಂಡತಿ ಚೀಲವನ್ನು ಕೆಳಗಿಟ್ಟರು. ಒಳಗಿನಿಂದ ನಂಬರು ಎರಡನೇ ಸಲ ಕೂಗಿದರು. ಆಕೆ ಅದನ್ನು ಕೇಳಿಸಿಕೊಳ್ಳಲಿಲ್ಲ. ಗಂಡನ ಮುಂದೆ ಬಂದು ಬಗ್ಗಿ ನಿಂತು ಕೇಳಿದರು:

"ಏನ್ರೀ ನಾಲ್ಕು ವರ್ಷ?"